ಓದುಗರ ಪ್ರಶ್ನೆ: ಯಕ್ಷಗಾನದ ಆಟದ ಫೋಟೊ ಸರಿ ಬರ್ತಿಲ್ಲ, ಮಿರರ್‌ಲೆಸ್ ತಗೊಳ್ಳಲಾ?

ಪ್ರಶ್ನೆ: ನನ್ನ ಹತ್ತಿರ ನಿಕಾನ್ ಡಿ5600 ಇದೆ, ಒಳಗೆ ಕನ್ನಡಿ ಇರುವ ಡಿಎಸ್‌ಎಲ್‌ಆರ್ ಕ್ಯಾಮೆರಾ. ಜೊತೆಗೇ ಬಂದ 18-55 ಮತ್ತು 70-300 ಲೆನ್ಸ್. ಮನೆ ಅಂಕೋಲಾದಲ್ಲಿ. ಯಕ್ಷಗಾನ, ಕಡಲತೀರ, ಆಗಾಗ ದಾಂಡೇಲಿ ಕಡೆ ಹಕ್ಕಿ, ಇಷ್ಟೇ ನಾನು ತೆಗೆಯೋದು. ರಾತ್ರಿ ಆಟದ ಫೋಟೊ ಮಾತ್ರ ಒಂದೂ ನೆಟ್ಟಗೆ ಬರಲ್ಲ. ಗೆಳೆಯರೆಲ್ಲ ಕನ್ನಡಿಯೇ ಇಲ್ಲದ ಮಿರರ್‌ಲೆಸ್ ಕ್ಯಾಮೆರಾಗೆ ಹೋಗಿಬಿಟ್ಟಿದ್ದಾರೆ. ಒಂದು ಲಕ್ಷದ ಹತ್ತಿರ ಕೂಡಿಟ್ಟಿದ್ದೇನೆ. ತಗೊಳ್ಳಲಾ, ಬೇಡವಾ?

ಉತ್ತರ: ಈಗಲೇ ಬೇಡ. ಆದರೆ ಆ ದುಡ್ಡನ್ನು ಪೂರ್ತಿ ಬ್ಯಾಂಕಿನಲ್ಲೇ ಇಡಿ ಅಂತಲೂ ಹೇಳಲಾರೆ. ಹಕ್ಕಿ ವಿಷಯಕ್ಕೆ ಬಂದಾಗ ನನ್ನ ಮಾತು ಸ್ವಲ್ಪ ತಿರುಗುತ್ತದೆ, ಅದನ್ನು ಆಮೇಲೆ ನೋಡೋಣ.

ಮೊದಲು ಒಂದು ಕೆಲಸ ಮಾಡಿ. ಕಳೆದ ಸೀಸನ್ನಿನ ಆಟದ ಫೋಟೊಗಳಲ್ಲಿ ಹಾಳಾದವನ್ನು ಮಾತ್ರ ತೆರೆಯಿರಿ. ಡಿಲೀಟ್ ಮಾಡಿರದಿದ್ದರೆ ಒಂದಿನ್ನೂರು ಸಾಕು. ಒಂದೊಂದೂ ಯಾಕೆ ಹಾಳಾಯಿತು ಅಂತ ನೋಡುತ್ತಾ ಹೋಗಿ. ಕೈಕಾಲು ಅಲುಗಾಡಿದೆಯಾ? ಕಪ್ಪು ಪರದೆಯೆಲ್ಲ ನಾಯ್ಸ್, ಅಂದರೆ ಮರಳು ಎರಚಿದಂಥ ಚುಕ್ಕಿ ತುಂಬಿದೆಯಾ? ಮುಖ ಸುಣ್ಣ ಬಳಿದ ಹಾಗೆ ಬೆಳ್ಳಗಾಗಿದೆಯಾ? ಫೋಕಸ್ ವೇಷದ ಮೇಲೆ ಕೂರದೆ ಹಿಂದೆ ಕೂತ ಭಾಗವತರ ಮೇಲೆ ಹೋಗಿದೆಯಾ? ನಮ್ಮ ಕಡೆ ಅಡಿಕೆಯನ್ನು ಚಾಲಿ, ಚಿಪ್ಪು, ಕೋಕಾ ಅಂತ ಬೇರೆ ಮಾಡ್ತೀವಲ್ಲ, ಹಾಗೆ ನಾಲ್ಕು ರಾಶಿ ಹಾಕಿ.

ನಾನು ಇದನ್ನು ಮಾಡಿದ್ದು ಕ್ಯಾಮೆರಾ ಬದಲಾಯಿಸಿದ ಮೇಲೆ. ಮೊದಲೇ ಮಾಡಿದ್ದರೆ ದುಡ್ಡು ಉಳಿಯುತ್ತಿತ್ತು. ಅರ್ಧಕ್ಕಿಂತ ಜಾಸ್ತಿ ಫೋಟೊ ಅಲುಗಾಡಿದ ರಾಶಿಗೆ ಬಿದ್ದವು. ಫೋಕಸ್ ತಪ್ಪಿದ ರಾಶಿ ಎಲ್ಲಕ್ಕಿಂತ ಚಿಕ್ಕದು. ಮಿರರ್‌ಲೆಸ್ ನೇರವಾಗಿ ಸರಿಮಾಡುವುದು ಮುಖ್ಯವಾಗಿ ಆ ಚಿಕ್ಕ ರಾಶಿಯನ್ನು.

ಮಂಡಿ ಹಾಕುವ ಹೊತ್ತನ್ನೇ ತಗೊಳ್ಳಿ. ಚಂಡೆ ಏರುತ್ತದೆ, ವೇಷ ಮೊಣಕಾಲೂರಿ ಗಿರಗಿರ ತಿರುಗುತ್ತದೆ, ಮುಂಡಾಸಿನ ಜರಿ ಒಂದು ಗೆರೆಯಾಗಿ ಕಾಣುತ್ತದೆ. ನಿಮ್ಮ 18-55 ಲೆನ್ಸನ್ನು 55ಕ್ಕೆ ಎಳೆದಾಗ ಅದರ ಬಾಯಿ ಎಫ್ 5.6ಕ್ಕಿಂತ ಜಾಸ್ತಿ ತೆರೆಯುವುದಿಲ್ಲ (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಬಾಯಿ ದೊಡ್ಡದು). ರಂಗಸ್ಥಳದ ಬೆಳಕಿಗೆ ಐಎಸ್‌ಓ (ಬೆಳಕನ್ನು ಹಿಗ್ಗಿಸುವ ಸೆಟ್ಟಿಂಗ್, ಏರಿಸಿದಷ್ಟೂ ನಾಯ್ಸ್ ಜಾಸ್ತಿ) 6400 ಇಟ್ಟರೂ ಶಟರ್ ಸೆಕೆಂಡಿನ 1/60ರ ಆಸುಪಾಸಿನಲ್ಲೇ ನಿಲ್ಲುತ್ತದೆ ಅಂತಿಟ್ಟುಕೊಳ್ಳಿ. 1/60ರಲ್ಲಿ ಮಂಡಿ ನಿಲ್ಲುವುದಿಲ್ಲ, ಯಾವ ಕಂಪನಿಯ ಕ್ಯಾಮೆರಾದಲ್ಲೂ ನಿಲ್ಲುವುದಿಲ್ಲ. ಹೊಸ ಬಾಡಿಗಳಲ್ಲಿ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ) ಚಿತ್ರ ಹಿಡಿಯುವ ಸೆನ್ಸರನ್ನೇ ಅಲ್ಲಾಡಿಸಿ ಫೋಟೊ ಸ್ಥಿರ ಮಾಡುವ ವ್ಯವಸ್ಥೆ ಇರುತ್ತದೆ, ಅದನ್ನು ನಂಬಿ ಕೊಂಡವರನ್ನು ನಾನು ನೋಡಿದ್ದೇನೆ. ಅದು ನಿಮ್ಮ ಕೈ ನಡುಗುವುದನ್ನು ತಡೆಯುತ್ತದೆ. ವೇಷಧಾರಿ ಕುಣಿಯುವುದನ್ನು ತಡೆಯಲು ಅದಕ್ಕೆ ಹೇಗೆ ಸಾಧ್ಯ?

ಅದೇ ಜಾಗದಲ್ಲಿ ಎಫ್ 1.8 ಲೆನ್ಸ್ ಹಾಕಿದರೆ 5.6ಕ್ಕಿಂತ ಹತ್ತಿರ ಹತ್ತಿರ ಹತ್ತು ಪಟ್ಟು ಬೆಳಕು ಒಳಗೆ ಬರುತ್ತದೆ. ಶಟರ್ 1/250ಕ್ಕೆ ಏರಿಸಿ, ಐಎಸ್‌ಓ 3200ಕ್ಕೆ ಇಳಿಸಿದರೂ ಇನ್ನೂ ಸ್ವಲ್ಪ ಬೆಳಕು ಮಿಗುತ್ತದೆ. ಅಲುಗಾಡಿದ ರಾಶಿ, ನಾಯ್ಸ್ ರಾಶಿ, ಎರಡೂ ಒಟ್ಟಿಗೇ ಕರಗುತ್ತವೆ. ಬಾಡಿ ಅದೇ ಹಳೇದು.

ಮುಖ ಬೆಳ್ಳಗಾಗುವ ರಾಶಿಗಂತೂ ಒಂದು ಪೈಸೆ ಖರ್ಚಿಲ್ಲ. ಹಿಂದೆ ಕಪ್ಪು ಅಥವಾ ಕಡು ಬಣ್ಣದ ಪರದೆ, ಮುಂದೆ ಬಣ್ಣ ಹಚ್ಚಿ ಹೊಳೆಯುವ ಮುಖ. ಕ್ಯಾಮೆರಾ ಇಡೀ ಚೌಕಟ್ಟು ನೋಡಿ ‘ಅಯ್ಯೋ ಎಷ್ಟು ಕತ್ತಲೆ’ ಅಂದುಕೊಂಡು ಬೆಳಕು ಏರಿಸುತ್ತದೆ, ಮುಖ ಸುಟ್ಟುಹೋಗುತ್ತದೆ. ಬೆಳಕನ್ನು ಹೆಚ್ಚು ಕಡಿಮೆ ಮಾಡುವ ಎಕ್ಸ್‌ಪೋಷರ್ ಕಾಂಪನ್ಸೇಷನ್ನನ್ನು ಮೈನಸ್ 1ಕ್ಕೆ ಇಡಿ. ಇಲ್ಲವೇ ಒಂದೇ ಜಾಗದ ಬೆಳಕು ಅಳೆಯುವ ಸ್ಪಾಟ್ ಮೀಟರಿಂಗ್ ಹಾಕಿ ಕೆನ್ನೆಯ ಮೇಲೆ ಅಳೆಯಿರಿ. ಒಡ್ಡೋಲಗ ಶುರುವಾದಾಗ ಒಂದು ಸಲ ಮ್ಯಾನುಯಲ್‌ನಲ್ಲಿ ಹೊಂದಿಸಿಟ್ಟರೆ, ಲೈಟಿನವನು ಬಣ್ಣ ಬದಲಿಸುವವರೆಗೂ ಮುಟ್ಟಬೇಕಾಗಿಲ್ಲ. ಮಿರರ್‌ಲೆಸ್‌ನಲ್ಲಿ ಇದೇ ವಿಷಯ ವ್ಯೂಫೈಂಡರ್‌ನಲ್ಲಿ ಮೊದಲೇ ಕಣ್ಣಿಗೆ ಬೀಳುತ್ತದೆ, ಅದೊಂದು ನಿಜವಾದ ಸುಖ, ಒಪ್ಪುತ್ತೇನೆ.

ಹಾಗಾದರೆ ಯಾವ ಲೆನ್ಸ್? ನಿಮಗೆ ಎಎಫ್-ಎಸ್ 35 ಎಂಎಂ ಎಫ್ 1.8 ಜಿ, ಡಿಎಕ್ಸ್ ಅಂತ ಬರೆದದ್ದು. 2009ರಲ್ಲಿ ಬಂದ ಲೆನ್ಸ್, ಸೆಕೆಂಡ್ ಹ್ಯಾಂಡ್‌ನಲ್ಲಿ ಸುಲಭವಾಗಿ ಸಿಗುತ್ತದೆ. ಮುಂದಿನ ಸಾಲಿನಲ್ಲಿ ಕೂತರೆ ಕಾಲ್ಗೆಜ್ಜೆಯಿಂದ ಮುಂಡಾಸಿನ ತುದಿಯವರೆಗೆ ಇಡೀ ವೇಷ ಬರುತ್ತದೆ. ಎದೆಯಿಂದ ಮೇಲೆ ಬೇಕು ಅನ್ನುವವರಿಗೆ ಎಎಫ್-ಎಸ್ 50 ಎಫ್ 1.8 ಜಿ. ಇನ್ನೂ ಹಿಂದೆ ಕೂರುವವರಾದರೆ 85. ಪೂರ್ತಿ 1.8ಕ್ಕೆ ತೆರೆದರೆ ಮೂಗು ಚೊಕ್ಕ, ಕಿವಿಯ ಓಲೆ ಮಸುಕು ಅನ್ನುವ ಹಾಗಾಗುತ್ತದೆ, 2.2 ಅಥವಾ 2.5 ಒಳ್ಳೆಯದು. ಜೂಮ್ ಇಲ್ಲದ್ದರಿಂದ ಎದ್ದು ಓಡಾಡುವ ಆಸೆಯಾಗುತ್ತದೆ. ಹಿಂದಿನಿಂದ ಯಾರಾದರೂ ಅಜ್ಜ ‘ತಮಾ, ಕೂತ್ಕೋ’ ಅನ್ನುವ ಮೊದಲೇ ರಂಗಸ್ಥಳದ ಪಕ್ಕದಲ್ಲಿ ಒಂದು ಜಾಗ ನೋಡಿಕೊಂಡುಬಿಡಿ.

ಇಲ್ಲೊಂದು ಗುಂಡಿ ಇದೆ, ಬೀಳಬೇಡಿ. ಹುಬ್ಬಳ್ಳಿಯಲ್ಲೋ ಮತ್ತೆಲ್ಲೋ ಅಂಗಡಿಯವರು ‘ಇದೂ 50 ಎಂಎಂ 1.8ಏ, ಅರ್ಧ ರೇಟು’ ಅಂತ ಹಳೇ ‘ಡಿ’ ಲೆನ್ಸ್ ತೋರಿಸಬಹುದು. ಡಿ5600ರ ಹೊಟ್ಟೆಯಲ್ಲಿ ಫೋಕಸ್ ಮೋಟಾರ್ ಇಲ್ಲ. ಆ ಲೆನ್ಸಿನಲ್ಲೂ ಇಲ್ಲ. ಹಾಕಿದರೆ ಕೈಯಲ್ಲೇ ಫೋಕಸ್ ತಿರುಗಿಸುತ್ತಾ ಕೂರಬೇಕು. ನಾಳೆ ನಿಕಾನ್ ಮಿರರ್‌ಲೆಸ್‌ಗೆ ಹೋಗಿ ಹಳೇ ಲೆನ್ಸ್ ಜೋಡಿಸುವ ಎಫ್‌ಟಿಝಡ್ ಅಡಾಪ್ಟರ್ ಹಾಕಿದರೂ ಅದೇ ಪಾಡು. ಒಳಗೇ ಮೋಟಾರ್ ಇರುವ ಎಎಫ್-ಎಸ್ ಮತ್ತು ಎಎಫ್-ಪಿ ಲೆನ್ಸುಗಳಾದರೆ ಆ ಅಡಾಪ್ಟರ್‌ನಲ್ಲಿ ಆಟೋಫೋಕಸ್ ಸಮೇತ ನಡೆಯುತ್ತವೆ. ಅಂದರೆ ಇವತ್ತು ಕೊಳ್ಳುವ 35 ನಾಳೆಯೂ ನಿಮ್ಮ ಜೊತೆಗೇ ಬರುತ್ತದೆ.

ಮಿರರ್‌ಲೆಸ್‌ನಲ್ಲಿ ನಿಜಕ್ಕೂ ಬೇರೆಯಾಗುವುದು ಏನು? ಡಿಎಸ್‌ಎಲ್‌ಆರ್‌ನಲ್ಲಿ ಕನ್ನಡಿಯ ಕೆಳಗೆ ಫೋಕಸ್‌ಗೆಂದೇ ಬೇರೆ ಸೆನ್ಸರ್ ಇರುತ್ತದೆ. ನಿಮ್ಮದರಲ್ಲಿ 39 ಪಾಯಿಂಟ್, ಅದರಲ್ಲಿ 9 ಮಾತ್ರ ಅಡ್ಡ ಉದ್ದ ಎರಡೂ ಗೆರೆ ಹಿಡಿಯುವ ಕ್ರಾಸ್ ಟೈಪ್, ಅವೂ ನಡುವಿನಲ್ಲೇ ಗುಂಪುಗೂಡಿವೆ. ಮಂದ ಬೆಳಕಿನಲ್ಲಿ ನಡುವಿನ ಪಾಯಿಂಟ್ ಬಿಟ್ಟು ಬೇರೆಯದನ್ನು ನಂಬಬೇಡಿ. ಮಿರರ್‌ಲೆಸ್‌ನಲ್ಲಿ ಫೋಟೊ ತೆಗೆಯುವ ಸೆನ್ಸರೇ ಫೋಕಸ್ ಕೂಡ ನೋಡುತ್ತದೆ. ಹಾಗಾಗಿ ಚೌಕಟ್ಟಿನ ಅಂಚಿನವರೆಗೂ ಫೋಕಸ್ ಸಿಗುತ್ತದೆ, ಕಣ್ಣನ್ನು ತಾನೇ ಹುಡುಕುತ್ತದೆ. ಬಣ್ಣದ ವೇಷದ ಎದುರು ಮಾತ್ರ ನನ್ನ ಕ್ಯಾಮೆರಾ ಎಷ್ಟೋ ಸಲ ತಬ್ಬಿಬ್ಬಾಗಿದೆ. ಮುಖದ ತುಂಬ ಅಷ್ಟು ಬಣ್ಣ, ಹುಬ್ಬಿನ ಮೇಲೆ ಬಿಳಿ ಗೆರೆ, ಕಣ್ಣು ಯಾವುದು ಅಂತ ಅದಕ್ಕೆ ಹೇಗೆ ತಿಳಿಯಬೇಕು? ಸ್ತ್ರೀವೇಷಕ್ಕೆ ಮಾತ್ರ ಥಟ್ಟನೆ ಕೂರುತ್ತದೆ.

ನಾನು ಮಿರರ್‌ಲೆಸ್ ತಗೊಂಡ ಮೊದಲ ರಾತ್ರಿಯ ಕತೆ ಹೇಳಲೇಬೇಕು. ಶಿರಸಿ ಹತ್ತಿರದ ಒಂದು ಹಳ್ಳಿ, ಗದ್ದೆಯಲ್ಲಿ ಆಟ. ಸದ್ದೇ ಇಲ್ಲದ ಸೈಲೆಂಟ್ ಶಟರ್ ಇದೆಯಲ್ಲ ಅನ್ನುವ ಹುರುಪಿನಲ್ಲಿ ಅದನ್ನೇ ಹಾಕಿಕೊಂಡು ಬೆಳಗಿನವರೆಗೆ ಒತ್ತಿದೆ. ಚಂಡೆ ಬಾರಿಸುವ ಜಾಗದಲ್ಲಿ ಸೈಲೆಂಟ್ ಶಟರ್ ಯಾರಿಗೆ ಬೇಕಿತ್ತೋ! ಮನೆಗೆ ಬಂದು ಕಂಪ್ಯೂಟರಿಗೆ ಹಾಕಿ ನೋಡಿದರೆ ಪ್ರತಿ ಫೋಟೊದಲ್ಲೂ ಅಡ್ಡಡ್ಡ ಪಟ್ಟೆ, ಕಂಬಳಿ ಹೊದಿಸಿದ ಹಾಗೆ. ಕಾರಣ ಎಲ್‌ಇಡಿ ಲೈಟು. ನಮ್ಮ ಕರೆಂಟು 50 ಹರ್ಟ್ಸ್, ಅಗ್ಗದ ಎಲ್‌ಇಡಿ ಸೆಕೆಂಡಿಗೆ 100 ಸಲ ಮಂಕಾಗಿ ಬೆಳಗುತ್ತಿರುತ್ತದೆ. ನಮ್ಮ ಕಣ್ಣಿಗೆ ಕಾಣುವುದಿಲ್ಲ. ಸೈಲೆಂಟ್ ಅಂದರೆ ಎಲೆಕ್ಟ್ರಾನಿಕ್ ಶಟರ್, ಅದು ಚಿತ್ರವನ್ನು ಸಾಲು ಸಾಲಾಗಿ ಓದುವುದರಿಂದ, ಲೈಟು ಮಂಕಾದಾಗ ಓದಿದ ಸಾಲುಗಳೆಲ್ಲ ಕಪ್ಪು ಪಟ್ಟೆಯಾಗುತ್ತವೆ. 1/100ಕ್ಕೆ ಇಳಿಸಿದರೆ ಪಟ್ಟೆ ಹೋಗುತ್ತದೆ, ಆದರೆ ಮಂಡಿ ಮತ್ತೆ ಅಲುಗಾಡುತ್ತದೆ. ಆ ರಾತ್ರಿಯ ಒಂದು ಫೋಟೊವೂ ಉಳಿಯಲಿಲ್ಲ. ಈಗ ಆಟ ಶುರುವಾಗುವ ಮೊದಲು ನಾಲ್ಕು ಫೋಟೊ ತೆಗೆದು ದೊಡ್ಡದು ಮಾಡಿ ನೋಡಿಯೇ ಮುಂದಕ್ಕೆ ಹೋಗುತ್ತೇನೆ. ಮೆಕ್ಯಾನಿಕಲ್ ಶಟರ್‌ನಲ್ಲಿ ತೊಂದರೆ ಎಷ್ಟೋ ಕಡಿಮೆ, ಅಲ್ಲೂ ಒಂದು ಫೋಟೊ ಬೆಳಗಿ ಇನ್ನೊಂದು ಮಂಕಾಗಿ ಬರುವುದುಂಟು. ಸೈಲೆಂಟ್ ಶಟರ್ ಉಪಯೋಗಕ್ಕೆ ಬಂದದ್ದು ಮಳೆಗಾಲದ ತಾಳಮದ್ದಳೆಯಲ್ಲಿ. ಅರ್ಥಧಾರಿ ಮಾತಿನ ನಡುವೆ ಒಂದು ಕ್ಷಣ ನಿಲ್ಲಿಸಿದಾಗ ಕನ್ನಡಿ ‘ಟಕ್’ ಅಂದರೆ ಇಡೀ ಸಭೆ ತಿರುಗಿ ನೋಡುತ್ತದೆ.

ಬ್ಯಾಟರಿಯೂ ಒಂದು ಲೆಕ್ಕ. ಕಂಪನಿ ಲೆಕ್ಕದಲ್ಲಿ ಡಿ5600 ಒಂದು ಚಾರ್ಜಿಗೆ 970 ಫೋಟೊ. ನಿಕಾನ್‌ನದೇ ಮಿರರ್‌ಲೆಸ್, ಮೊದಲ ಝಡ್50ಗೆ 320 ಅಷ್ಟೇ. ಇಡೀ ರಾತ್ರಿಯ ಆಟಕ್ಕೆ ಕಿಸೆಯಲ್ಲಿ ಎರಡು ಮೂರು ಬ್ಯಾಟರಿ ಬೇಕೇ ಬೇಕು.

‘ದೊಡ್ಡ ಸೆನ್ಸರಿನ ಫುಲ್ ಫ್ರೇಮ್‌ಗೇ ಹೋಗಿಬಿಡಲಾ’ ಅಂತ ಮುಂದಿನ ಪ್ರಶ್ನೆ ಬರುತ್ತದೆ, ಗೊತ್ತು. ನಿಮ್ಮ ಸೆನ್ಸರಿಗಿಂತ ಫುಲ್ ಫ್ರೇಮ್‌ನಲ್ಲಿ ಸಿಗುವ ಲಾಭ ಒಂದು ಸ್ಟಾಪ್‌ಗಿಂತ (ಅಂದರೆ ಎರಡು ಪಟ್ಟು ಬೆಳಕಿಗಿಂತ) ಸ್ವಲ್ಪ ಮೇಲೆ. ಕಿಟ್‌ನಲ್ಲಿ ಬರುವ 24-50 ಲೆನ್ಸ್ ನೋಡಿ, 50ರಲ್ಲಿ ಎಫ್ 6.3. ಆ ಲಾಭದಲ್ಲಿ ಒಂದು ಪಾಲು ಅಲ್ಲೇ ಸೋರಿಹೋಯಿತು. ಎಫ್ 1.8 ಹಾಕಿದ ನಿಮ್ಮ ಹಳೇ ಕ್ಯಾಮೆರಾ ಆ ಹೊಸ ಸೆಟ್ಟಿಗಿಂತ ಒಳ್ಳೆಯ ಆಟದ ಫೋಟೊ ತೆಗೆಯುತ್ತದೆ.

ಕಡಲತೀರದ ಫೋಟೊಗೆ ಹೊಸ ಕ್ಯಾಮೆರಾ ಬೇಡವೇ ಬೇಡ. ಕಾರವಾರದ ಟ್ಯಾಗೋರ್ ಬೀಚಿನಲ್ಲಿ ಟ್ರೈಪಾಡ್ ಮೇಲೆ, ಐಎಸ್‌ಓ 100, ಎಫ್ 8 ಇಟ್ಟು ಸಂಜೆ ತೆಗೆದರೆ ಯಾವುದು ಯಾವ ಕ್ಯಾಮೆರಾದ್ದು ಅಂತ ಯಾರೂ ಹೇಳಲಾರರು. ಮೆಗಾಪಿಕ್ಸೆಲ್ ಎಣಿಸುವವರಿಗೆ ಒಂದು ಮಾತು: ಡಿ5600ರದ್ದು 24, ಝಡ್50ದು 21ರ ಆಸುಪಾಸು.

ಈಗ ಹಕ್ಕಿ. ಇಲ್ಲಿ ನಿಮ್ಮ ಗೆಳೆಯರ ಮಾತು ಸರಿ. ದಾಂಡೇಲಿಯ ಮರದ ಡಿಪೊ ಕಡೆ ಮಂಗಟ್ಟೆ ಬಂದು ಕೊಂಬೆಯ ಮೇಲೆ ಕೂತಿರುವಾಗ ನಿಮ್ಮ ಡಿ5600 ಸಾಕು. ಅದು ಹಾರಿತೋ, ಮರಗಳ ಸಂದಿಯಲ್ಲಿ ಆ ಕಪ್ಪು ಬಿಳುಪು ರೆಕ್ಕೆಯ ಹಿಂದೆ ನಡುವಿನ ಪಾಯಿಂಟನ್ನೇ ಹಿಡಿದುಕೊಂಡು ಹೋಗುವುದು ಕಷ್ಟ. ಫೋಕಸ್ ಎಲೆಗೆ ಅಂಟಿಕೊಂಡು ಕೂತುಬಿಡುತ್ತದೆ. ಹಕ್ಕಿಯನ್ನೇ ಗುರುತಿಸಿ ಹಿಂಬಾಲಿಸುವ ಕ್ಯಾಮೆರಾಗಳು ಈಗ ಕಡಿಮೆ ದರದ ಸಾಲಿನಲ್ಲೂ ಇವೆ. ನಿಕಾನ್ ಝಡ್50 ಎರಡು, ಕ್ಯಾನನ್ ಆರ್10, ಆರ್7, ಸೋನಿ ಎ6700, ಇವೆಲ್ಲ ಅದನ್ನು ಮಾಡುತ್ತವೆ. ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಗುವ ಮೊದಲ ಝಡ್50 ಮಾತ್ರ ಹಕ್ಕಿಯನ್ನು ಗುರುತಿಸುವುದಿಲ್ಲ, ಬೆಕ್ಕು ನಾಯಿಯನ್ನು ಗುರುತಿಸುತ್ತದೆ. ಹೆಸರಿನ ಮುಂದಿನ ‘ಎರಡು’ ನೋಡಿ ಕೊಳ್ಳಿ.

ಆದರೂ ನಿಮ್ಮ ಹಕ್ಕಿಯ ರಾಶಿಗಳನ್ನೂ ಒಮ್ಮೆ ಹರಡಿ. ‘ದೂರವಾಯ್ತು’ ಅನ್ನುವ ರಾಶಿಯೇ ದೊಡ್ಡದಿದ್ದರೆ ಬಾಡಿ ಏನೂ ಮಾಡಲಾರದು, ಉದ್ದದ ಲೆನ್ಸ್ ಬೇಕು. ನಿಕಾನ್ 200-500 ಎಫ್ 5.6 ನಿಮ್ಮ ಕ್ಯಾಮೆರಾಗೂ ಆಗುತ್ತದೆ, ನಾಳೆ ಅಡಾಪ್ಟರ್ ಹಾಕಿ ಮಿರರ್‌ಲೆಸ್‌ಗೂ ಆಗುತ್ತದೆ. ಎರಡು ಕೆಜಿ ಮೀರಿದ ತೂಕ, ಕುತ್ತಿಗೆಗೆ ನೇತುಹಾಕಿಕೊಂಡು ಕಾಡು ಸುತ್ತುವ ಮೊದಲು ಒಮ್ಮೆ ಬಾಡಿಗೆಗೆ ತಂದು ನೋಡಿ. ಹಾರುವ ಹಕ್ಕಿ ತಪ್ಪಿದ್ದೇ ಜಾಸ್ತಿ ಅಂತಾದರೆ, ಅಥವಾ ವಿಡಿಯೊ ಮಾಡುವ ಯೋಚನೆ ಇದ್ದರೆ, ಮಿರರ್‌ಲೆಸ್ ತಗೊಳ್ಳಿ, ನಾನು ಅಡ್ಡ ಬರುವುದಿಲ್ಲ.

‘ಡಿಎಸ್‌ಎಲ್‌ಆರ್ ಸತ್ತೇ ಹೋಯ್ತಲ್ಲ’ ಅನ್ನುವವರಿಗೆ: ಹೌದು, ನಿಕಾನ್ ಕೊನೆಯದಾಗಿ ಡಿ6 ತಂದದ್ದು 2020ರಲ್ಲಿ, ಕ್ಯಾನನ್ ಕೂಡ ಆ ವರ್ಷದ ನಂತರ ಹೊಸದು ತಂದಿಲ್ಲ. ಅದರಿಂದ ನಿಮಗಾದ ನಷ್ಟ ಏನು? ಜನ ಮಾರುತ್ತಿರುವ ಒಳ್ಳೊಳ್ಳೆಯ ಲೆನ್ಸ್ ಅಗ್ಗವಾಗಿವೆ, ಅಷ್ಟೇ.

ಆ ಅಗ್ಗದ ಲೆನ್ಸ್ ಕೊಳ್ಳುವಾಗ ನಮ್ಮ ಜಿಲ್ಲೆಯವರು ಒಂದು ವಿಷಯ ನೋಡಲೇಬೇಕು. ಲೆನ್ಸಿನ ಹಿಂದಿನಿಂದ ಮೊಬೈಲ್ ಟಾರ್ಚ್ ಬಿಟ್ಟು, ಮುಂದಿನಿಂದ ಓರೆಯಾಗಿ ಇಣುಕಿ. ಜೇಡರ ಬಲೆಯ ಎಳೆಯಂಥದ್ದು ಕಂಡರೆ ಅದು ಫಂಗಸ್, ಎಷ್ಟು ಅಗ್ಗವಾದರೂ ಬೇಡ. ನನ್ನ ಮೊದಲ 50 ಎಂಎಂ ಹೋದದ್ದು ಹೀಗೇ. ಜೂನ್‌ನಲ್ಲಿ ಬ್ಯಾಗಿನ ಸಮೇತ ಕಪಾಟಿನಲ್ಲಿಟ್ಟವನು ಚೌತಿಗೆ ತೆಗೆದೆ. ಬ್ಯಾಗಿಗೆ ಬೂಷ್ಟು ಹಿಡಿದಿತ್ತು, ಗಾಜಿನ ಒಳಗೂ ಹಿಡಿದಿತ್ತು. ಅಕ್ಕಿ ಡಬ್ಬಿಯಲ್ಲಿ ಹುಗಿದಿಡುವುದೂ ಬೇಡ, ಹುಡಿಯೆಲ್ಲ ಲೆನ್ಸಿನ ಸಂದಿಗೆ ಹೋಗುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ಬಣ್ಣ ಬದಲಿಸುವ ಸಿಲಿಕಾ ಜೆಲ್, ಒಳಗೊಂದು ಪುಟ್ಟ ತೇವಾಂಶ ಮೀಟರ್. ಮುಳ್ಳು 40ರಿಂದ 50ರ ನಡುವೆ ನಿಂತರೆ ಸರಿ. ಜೆಲ್ ಬಣ್ಣ ತಿರುಗಿದಾಗ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ ಮತ್ತೆ ಹಾಕಿ, ಅಡುಗೆಗೆ ಬಳಸದ ಬಾಣಲೆ. ಇದೆಲ್ಲ ಸೇರಿ ಒಂದೆರಡು ಸಾವಿರದೊಳಗೆ ಮುಗಿಯುತ್ತದೆ. 35 ಎಂಎಂ ಹುಡುಕುವುದು ಆಮೇಲೆ, ಮಳೆ ಹಿಡಿಯುವ ಮೊದಲು ಈ ಡಬ್ಬ ತಂದಿಟ್ಟುಕೊಳ್ಳಿ.