ತಿಳಿ ನೀರಿನ ಕೆಳಗೆ ಏನಾಗುತ್ತಿದೆ?

ಓದುಗರ ಪ್ರಶ್ನೆ: ನಮ್ಮೂರು ತೀರ್ಥಹಳ್ಳಿ ಕಡೆ. ಕೆರೆಯ ಮೇಲ್ಗಡೆ ಕಲ್ಲುಕ್ವಾರಿ, ಕ್ರಷರ್ ಇದೆ. ಮಳೆಗಾಲದಲ್ಲಿ ನೀರು ಬೂದಿ ಬಣ್ಣಕ್ಕೆ ತಿರುಗುತ್ತದೆ, ದೀಪಾವಳಿ ಕಳೆಯುವಷ್ಟರಲ್ಲಿ ತಿಳಿಯಾಗುತ್ತದೆ. ಅಂದಮೇಲೆ ಕೆರೆಗೆ ಏನೂ ಆಗಿಲ್ಲ, ಅಲ್ವಾ?

ನೀರು ತಿಳಿಯಾಯಿತು ಅಂದರೆ ಕಲ್ಲಿನ ಪುಡಿ ತಳ ಸೇರಿತು ಅಂತ. ತೊಂದರೆ ಶುರುವಾಗುವುದೇ ಅಲ್ಲಿ.

ಕೆರೆಯ ತಳದಲ್ಲಿ ಬಸವನಹುಳು, ಕಪ್ಪೆಚಿಪ್ಪು, ಏರೋಪ್ಲೇನ್ ಚಿಟ್ಟೆಯ ಮರಿ, ದಾರದಂಥ ಸಣ್ಣ ಹುಳುಗಳು ಬದುಕುತ್ತವೆ. ಮೃಗಾಲ, ಸಾಮಾನ್ಯ ಗೆಂಡೆಯಂಥ ಮೀನುಗಳು ಮೇಯುವುದೂ ಅಲ್ಲೇ. ಕಲ್ಲಿನ ಪುಡಿಯಲ್ಲಿ ತಿನ್ನುವಂಥದ್ದು ಏನೂ ಇಲ್ಲ. ಅದು ಕೊಳೆತ ಎಲೆ, ಪಾಚಿಯ ಮೇಲೆ ಕೂರುತ್ತದೆ, ಮೊಟ್ಟೆಗಳನ್ನು ಮುಚ್ಚುತ್ತದೆ. ಮೇಫ್ಲೈ ಎಂಬ ಕೀಟದ ಮರಿಗೆ ಹೊಟ್ಟೆಯ ಎರಡೂ ಬದಿಯಲ್ಲಿ ತೆಳ್ಳನೆಯ ಕಿವಿರುಗಳಿರುತ್ತವೆ. ಪುಡಿ ಅದಕ್ಕೆ ಮೆತ್ತಿಕೊಂಡರೆ ಉಸಿರಾಟವೇ ಕಷ್ಟ. ಹೀಗಾಗಿ ಮೊದಲು ಕಾಣೆಯಾಗುವವರಲ್ಲಿ ಇವೂ ಸೇರಿವೆ. ಕಪ್ಪೆಚಿಪ್ಪು ನೀರನ್ನು ಸೋಸಿಯೇ ಊಟ ಮಾಡುವ ಪ್ರಾಣಿ. ನೀರು ತೀರಾ ಕದಡಿದರೆ ಚಿಪ್ಪು ಮುಚ್ಚಿ ಉಪವಾಸ ಕೂರುತ್ತದೆ.

ಲೋಹದ ಗಣಿಯ ಕಥೆ ಇನ್ನೂ ಕೆಟ್ಟದ್ದು. ತಾಮ್ರ, ಸತು, ಕ್ಯಾಡ್ಮಿಯಂ ಕೆಸರಿಗೆ ಅಂಟಿಕೊಂಡು ದಶಕಗಟ್ಟಲೆ ಉಳಿಯುತ್ತವೆ. ನೀರಿನ ಪರೀಕ್ಷೆ ಪಾಸಾಗಬಹುದು, ಕೆಸರು ತಿನ್ನುವ ಹುಳುವಿನ ಹೊಟ್ಟೆಗೆ ಮಾತ್ರ ವಿಷ ಹೋಗುತ್ತಲೇ ಇರುತ್ತದೆ. ಕಚ್ಚದ ಸೊಳ್ಳೆಯಂಥ ಮಿಡ್ಜ್ ಕೀಟದ ಕೆಂಪು ಮರಿಗಳಲ್ಲಿ ಬಾಯಿಯ ಹಲ್ಲುಗಳೇ ಸೊಟ್ಟಗೆ ಬೆಳೆಯುವುದುಂಟು. ಕೆನಡಾದ ಸಡ್‌ಬರಿಯಲ್ಲಿ ನಿಕ್ಕಲ್, ತಾಮ್ರ ಕರಗಿಸುವ ಕುಲುಮೆಗಳ ಹೊಗೆ ಕಡಿಮೆಯಾದ ಮೇಲೆ ಕೆರೆಗಳ ನೀರು ಸುಧಾರಿಸಿತು. ತಳದ ಜೀವಿಗಳು ಮರಳಲು ಅದಕ್ಕಿಂತ ಜಾಸ್ತಿ ಕಾಲ ಹಿಡಿಯಿತು.

ನಮ್ಮ ಕಲ್ಲುಕ್ವಾರಿಗಳಲ್ಲಿ ಸಾಮಾನ್ಯವಾಗಿ ಹೂಳಿನದೇ ದೊಡ್ಡ ಕಾಟ. ಹೂಳು ಸಣ್ಣ ವಿಷಯ ಅಂತ ಮಲೆನಾಡಿನವರಂತೂ ಹೇಳಬಾರದು. ಕುದುರೆಮುಖದ ಅದಿರಿನ ಗಣಿ 2005ರ ಕೊನೆಗೆ ನಿಂತಿತಲ್ಲ, ಮಳೆಯಲ್ಲಿ ಕೊಚ್ಚಿ ಭದ್ರೆಗೆ ಸೇರುತ್ತಿದ್ದ ಮಣ್ಣು ಆ ಹೋರಾಟದ ಮುಖ್ಯ ದೂರುಗಳಲ್ಲಿ ಒಂದಾಗಿತ್ತು.

ನಿಮ್ಮ ಕೆರೆಯನ್ನು ನೀವೇ ನೋಡಬಹುದು. ಬೇಸಿಗೆಯಲ್ಲಿ ನೀರು ಇಳಿದಾಗ ದಡದ ಹತ್ತಿರ ಒಂದು ಬೊಗಸೆ ಕೆಸರು ತೆಗೆದು, ಸಣ್ಣ ಜರಡಿಯಲ್ಲಿ ತೊಳೆದು, ಬಿಳಿ ತಟ್ಟೆಗೆ ಹಾಕಿ. ಬಗೆಬಗೆಯ ಜೀವಿಗಳು ಹರಿದಾಡಿದರೆ ಒಳ್ಳೆಯದು. ಬರೀ ಕೆಂಪು ಹುಳು ಕಿಕ್ಕಿರಿದಿದ್ದರೆ ಕ್ವಾರಿಗಿಂತ ಮೊದಲು ಚರಂಡಿ ನೀರಿನ ಮೇಲೆ ಅನುಮಾನ ಪಡಿ. ಹುಳುಗಳೂ ವಿರಳವಾಗಿ, ಬೂದು ಪುಡಿಯೇ ಜಾಸ್ತಿ ಇದ್ದರೆ ಕ್ರಷರ್ ಕಡೆ ನೋಡಬೇಕು. ಕ್ವಾರಿ ನೀರು ಬರದ ಪಕ್ಕದ ಕೆರೆಯಲ್ಲೂ ಇದನ್ನೇ ಮಾಡಿ ಹೋಲಿಸಿ. ಸುಮ್ನೆ ಒಂದೇ ಕೆರೆ ನೋಡಿ ತೀರ್ಮಾನಿಸಬೇಡಿ.

ಕಪ್ಪೆಚಿಪ್ಪು ಸಿಕ್ಕರೆ ಗಾತ್ರ ಗಮನಿಸಿ. ಅವು ಹಲವು ವರ್ಷ ಬದುಕುತ್ತವೆ. ಎಲ್ಲವೂ ದೊಡ್ಡವೇ ಆಗಿದ್ದು, ಚಿಕ್ಕವು ಒಂದೂ ಸಿಗದಿದ್ದರೆ ಮರಿಗಳು ಉಳಿಯುತ್ತಿಲ್ಲ ಅನ್ನುವ ಅನುಮಾನಕ್ಕೆ ಅದು ಗಟ್ಟಿ ಆಧಾರ. ಮುದಿ ಚಿಪ್ಪುಗಳು ಸತ್ತ ಮೇಲೆ ಆ ಕೆರೆಯಲ್ಲಿ ಕಪ್ಪೆಚಿಪ್ಪೇ ಇರುವುದಿಲ್ಲ.

ಪಂಚಾಯಿತಿಗೆ ಅರ್ಜಿ ಕೊಡುವಾಗ ನೀರಿನ ಜೊತೆ ತಳದ ಕೆಸರಿನ ಪರೀಕ್ಷೆಯನ್ನೂ ಕೇಳಿ. ಕ್ರಷರ್ ತೊಳೆದ ನೀರು ಕೆರೆ ಸೇರುವ ಮೊದಲು ಗುಂಡಿಯಲ್ಲಿ ನಿಂತು ಪುಡಿ ಇಳಿಯುವ ವ್ಯವಸ್ಥೆ ಇದೆಯೇ, ಆ ಗುಂಡಿಯನ್ನು ಮಳೆ ಹಿಡಿಯುವ ಮುಂಚೆ ಖಾಲಿ ಮಾಡುತ್ತಾರೆಯೇ ಎಂದೂ ವಿಚಾರಿಸಿ.