‘ಮಹತ್ವ ಅನಿಶ್ಚಿತ’ ಎಂಬ ಸಾಲು

ವಂಶವಾಹಿ ಪರೀಕ್ಷೆಯ ವರದಿಯನ್ನು ರೋಗಿಗಳಿಗೆ ಬಿಡಿಸಿ ಹೇಳುವುದು ನನ್ನ ಕೆಲಸ. ಅದರಲ್ಲಿ ನನ್ನ ಬಾಯಿ ಕಟ್ಟಿಹಾಕುವ ಸಾಲೊಂದಿದೆ: ‘ಮಹತ್ವ ಅನಿಶ್ಚಿತ’. ಡಿಎನ್‌ಎಯಲ್ಲಿ ಬದಲಾವಣೆಯೊಂದು ಕಂಡಿದೆ, ಅದರಿಂದ ಕೇಡಿದೆಯೋ ಇಲ್ಲವೋ ಹೇಳಲು ಬಾರದು ಎಂದರ್ಥ. ‘ಹಾಗಾದರೆ ರಕ್ತ ತೆಗೆದುಕೊಂಡಿದ್ದು ಯಾಕೆ?’ ಎಂದು ಸಿಟ್ಟಾದವರಿದ್ದಾರೆ. ಅವರ ಸಿಟ್ಟು ನ್ಯಾಯವೇ.

ಬದಲಾವಣೆಯೊಂದು ರೋಗ ತರುವಂಥದ್ದೇ ಎಂದು ತೂಗುವಾಗ, ಅದು ಆರೋಗ್ಯವಂತರಲ್ಲಿ ಎಷ್ಟು ಮಂದಿಗಿದೆ ಎಂದು ನೋಡುತ್ತೇವೆ. ನೂರರಲ್ಲಿ ಇಬ್ಬರು ಮೂವರಿಗೆ ಇದ್ದರೆ, ಅಪರೂಪದ ಕಾಯಿಲೆಗೆ ಅದನ್ನು ಹೊಣೆ ಮಾಡುವುದು ಕಷ್ಟ. ಆದರೆ ಆ ಆರೋಗ್ಯವಂತರು ಯಾರು? 2016ರ ಲೆಕ್ಕದಂತೆ, ಇಡೀ ಜೀನೋಮ್ (ಒಬ್ಬರ ಒಟ್ಟು ಡಿಎನ್‌ಎ) ಜಾಲಾಡುವ ಅಧ್ಯಯನಗಳಲ್ಲಿ ಪಾಲ್ಗೊಂಡವರ ಪೈಕಿ ಸುಮಾರು ಶೇ 81 ಮಂದಿ ಯುರೋಪ್ ಮೂಲದವರು. ಉಳಿದವರಲ್ಲಿ ಸಾಮಾನ್ಯವಾಗಿರುವುದೂ ನಮ್ಮ ದತ್ತಾಂಶದಲ್ಲಿ ಅಪರೂಪದ ವೇಷ ತೊಟ್ಟು ನಿಲ್ಲುತ್ತದೆ.

‘ಅನಿಶ್ಚಿತ’ಕ್ಕಿಂತ ಅಪಾಯಕಾರಿಯಾದುದು ತಪ್ಪು ‘ನಿಶ್ಚಿತ’. ಹೃದಯದ ಸ್ನಾಯು ದಪ್ಪಗಾಗುವ ಆನುವಂಶಿಕ ಕಾಯಿಲೆಯೊಂದಿದೆ. ಎಳೆಯ ಕ್ರೀಡಾಪಟುಗಳು ಮೈದಾನದಲ್ಲೇ ಕುಸಿದು ಸಾಯಲು ಇದೂ ಒಂದು ಕಾರಣ. ಇದಕ್ಕೆ ಕಾರಣವೆಂದು ಹಣೆಪಟ್ಟಿ ಹಚ್ಚಿದ್ದ ಕೆಲವು ಬದಲಾವಣೆಗಳು ಅಮೆರಿಕದ ಕಪ್ಪು ಜನರಲ್ಲಿ ಸಾಕಷ್ಟು ಸಾಮಾನ್ಯ, ಅಂದರೆ ನಿರುಪದ್ರವಿ ಎಂದು 2016ರಲ್ಲಿ ಸಂಶೋಧಕರು ತೋರಿಸಿದರು. ಅಷ್ಟರಲ್ಲಿ ಕೆಲವರ ಕೈಗೆ ‘ರೋಗಕಾರಕ’ ಎಂಬ ವರದಿ ಹೋಗಿಯಾಗಿತ್ತು. ಇಂಥ ತಪ್ಪು ಒಬ್ಬರಲ್ಲೇ ನಿಲ್ಲುವುದಿಲ್ಲ. ಅಣ್ಣನ ವರದಿಯನ್ನು ನಂಬಿ ತಂಗಿಯನ್ನು ಪರೀಕ್ಷಿಸುತ್ತೇವೆ. ಆ ಬದಲಾವಣೆ ಅವಳಲ್ಲಿ ಇಲ್ಲದಿದ್ದರೆ ‘ನಿಶ್ಚಿಂತೆಯಿಂದಿರಿ’ ಎಂದು ಕಳುಹಿಸುತ್ತೇವೆ. ನಿಜವಾದ ಕಾರಣ ಬೇರೆಲ್ಲೋ ಇದ್ದು, ಅದು ಅವಳಲ್ಲೂ ಇದ್ದರೆ? ಹೋಲಿಕೆಯ ಗುಂಪಿನಲ್ಲಿ ಕೆಲವೇ ಕಪ್ಪು ಜನರಿದ್ದರೂ ಈ ಎಡವಟ್ಟು ಬಹುಶಃ ತಪ್ಪುತ್ತಿತ್ತು.

ಅಧ್ಯಯನಗಳಲ್ಲಿ ಎಲ್ಲ ಮೂಲದವರನ್ನೂ ಸೇರಿಸಿಕೊಳ್ಳುವುದು ಉಪಕಾರ ಎಂದುಕೊಂಡವರಿಗೆ ನಾನು ಪಿಸಿಎಸ್‌ಕೆ9 ಎಂಬ ವಂಶವಾಹಿಯ ಕಥೆ ಹೇಳುತ್ತೇನೆ. ಡಲ್ಲಾಸ್‌ನ ಹೃದಯ ಅಧ್ಯಯನದಲ್ಲಿ ಕಪ್ಪು ಜನರು ದೊಡ್ಡ ಸಂಖ್ಯೆಯಲ್ಲಿದ್ದರು. ಅವರಲ್ಲಿ ಕೆಲವರಿಗೆ ಈ ವಂಶವಾಹಿಯ ಒಂದು ಪ್ರತಿ ಕೆಟ್ಟಿತ್ತು, ಅದರಿಂದ ಅವರ ರಕ್ತದಲ್ಲಿ ಕೆಟ್ಟ ಕೊಲೆಸ್ಟರಾಲ್ ಬಹಳ ಕಡಿಮೆಯಿತ್ತು. ಈ ಸುಳಿವು ಹಿಡಿದು ತಯಾರಾದ, ಆ ವಂಶವಾಹಿಯ ಪ್ರೋಟೀನನ್ನು ತಡೆಯುವ ಚುಚ್ಚುಮದ್ದುಗಳಿಗೆ 2015ರಲ್ಲಿ ಒಪ್ಪಿಗೆ ಸಿಕ್ಕಿತು. ಇಂದು ಅವನ್ನು ಎಲ್ಲ ಮೂಲದವರೂ ಪಡೆಯುತ್ತಾರೆ.

ಹಾಗಿದ್ದರೆ ಉಳಿದ ಮೂಲದ ಜನ ಇಂಥ ಅಧ್ಯಯನಗಳಿಗೆ ಯಾಕೆ ಬರುವುದಿಲ್ಲ? ‘ಅರಿವಿನ ಕೊರತೆ’ ಎನ್ನುವುದು ನಮ್ಮವರ ಸುಲಭದ ಉತ್ತರ. ಅರಿವು ಇರುವುದರಿಂದಲೇ ಬರದವರೂ ಇದ್ದಾರೆ. ಅರಿಜೋನಾದ ಹವಾಸುಪಾಯಿ ಬುಡಕಟ್ಟಿನವರು 1990ರ ದಶಕದಲ್ಲಿ ಮಧುಮೇಹದ ಅಧ್ಯಯನವೆಂದು ನಂಬಿ ರಕ್ತ ಕೊಟ್ಟರು. ಅದನ್ನು ಸ್ಕಿಜೋಫ್ರೇನಿಯಾ ಎಂಬ ಮನೋರೋಗ, ರಕ್ತಸಂಬಂಧದ ಮದುವೆ, ಪೂರ್ವಜರ ವಲಸೆಯ ಅಧ್ಯಯನಗಳಿಗೂ ಬಳಸಲಾಯಿತು. 2010ರಲ್ಲಿ ಆ ಅಧ್ಯಯನ ನಡೆಸಿದ್ದ ವಿಶ್ವವಿದ್ಯಾಲಯ 7 ಲಕ್ಷ ಡಾಲರ್ ಕೊಟ್ಟು, ಉಳಿದ ರಕ್ತವನ್ನೂ ಹಿಂದಿರುಗಿಸಿ ರಾಜಿಯಾಯಿತು.

ಅಂದಿನಿಂದ ಸಮ್ಮತಿ ಪತ್ರದಲ್ಲಿ ‘ಮುಂದಿನ ಸಂಶೋಧನೆಗಳಿಗೂ ಬಳಸಬಹುದು’ ಎಂಬ ಸಾಲು ಬಂದಾಗ ನಾನು ಬೆರಳಿಟ್ಟು ನಿಲ್ಲುತ್ತೇನೆ. ಒಮ್ಮೆ ಹಿರಿಯ ಮಹಿಳೆಯೊಬ್ಬರು ಅದನ್ನು ಎರಡು ಸಲ ಓದಿಸಿಕೊಂಡು, ‘ಐದು ವರ್ಷ ಕಳೆದ ಮೇಲೆ ನನ್ನ ರಕ್ತದಲ್ಲಿ ಏನಾದರೂ ಸಿಕ್ಕರೆ ನನಗೆ ಹೇಳುತ್ತೀರಾ?’ ಎಂದರು. ಪತ್ರವನ್ನು ಮೊದಲಿನಿಂದ ಕೊನೆಯವರೆಗೆ ತಿರುವಿದೆ. ಅದಕ್ಕೆ ಉತ್ತರ ಎಲ್ಲೂ ಇರಲಿಲ್ಲ. ಅವರು ಸಹಿ ಹಾಕಲಿಲ್ಲ, ನಾನೂ ಒತ್ತಾಯಿಸಲಿಲ್ಲ.