ಕೇರೆ ಹಾವು ನಾಗರಹಾವಿನ ಗಂಡಾ?

ಕಾಸರಗೋಡಿನ ಪೆರ್ಲದ ಕಡೆಯ ಓದುಗರೊಬ್ಬರು ಒಂದು ವೀಡಿಯೊ ಕಳಿಸಿ ಕೇಳಿದ್ದಾರೆ: "ಸರ್, ನಮ್ಮ ತೋಟದ ಕಣಿಯ ಹತ್ತಿರ ಕೇರೆಯೂ ಸರ್ಪವೂ (ಸರ್ಪ ಅಂದರೆ ನಮ್ಮ ಕಡೆ ನಾಗರಹಾವು) ಹೆಣೆದುಕೊಂಡಿದ್ದವು. ಕೇರೆ ಗಂಡು, ಸರ್ಪ ಹೆಣ್ಣು ಅಂತ ಅಜ್ಜ ಹೇಳುತ್ತಿದ್ದರು. ನಿಜ ಅಲ್ವಾ?"

ನಿಜ ಅಲ್ಲ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಹೇಳಿಕೊಟ್ಟವನು ನಾನು. ಈ ಪ್ರಶ್ನೆ ಕ್ಲಾಸಿನಲ್ಲಿ ಬಂದಿದೆ, ಮದುವೆ ಊಟದ ಪಂಕ್ತಿಯಲ್ಲಿ ಬಂದಿದೆ, ಬದಿಯಡ್ಕದಲ್ಲಿ ಬಸ್ಸಿಗೆ ಕಾಯುವಾಗಲೂ ಬಂದಿದೆ. ನಾನೇ ಪಾಠ ಮಾಡಿದ ಹುಡುಗ ಈಗ ತನ್ನ ಮಗನಿಗೆ ಅದೇ ಗಂಡ-ಹೆಂಡತಿ ಕಥೆ ಹೇಳುತ್ತಿದ್ದಾನೆ. ಯಾರಿಗೆ ಹೇಳುವುದು!

ಮೊದಲು ವೀಡಿಯೊ ವಿಚಾರ. ಅದರಲ್ಲಿ ಸರ್ಪವೇ ಇಲ್ಲ. ಎರಡೂ ಕೇರೆ, ಎರಡೂ ಗಂಡು. ನೀವು ನೋಡಿದ್ದು ಸರಸವಲ್ಲ, ಜಗಳ. ಬೆದೆಯ ಕಾಲದಲ್ಲಿ ಎರಡು ಗಂಡು ಕೇರೆಗಳು ಎದುರಾದರೆ ಮೈಯ ಮುಂಭಾಗ ಮೇಲಕ್ಕೆತ್ತಿ ಹಗ್ಗದ ಹಾಗೆ ಹೆಣೆದುಕೊಳ್ಳುತ್ತವೆ. ಇನ್ನೊಂದರ ತಲೆಯನ್ನು ನೆಲಕ್ಕೆ ಒತ್ತಬೇಕು, ಅಷ್ಟೇ ಲೆಕ್ಕ. ಸೋತದ್ದು ಜಾಗ ಬಿಡುತ್ತದೆ. ನಿಜವಾದ ಮಿಲನದಲ್ಲಿ ಇಷ್ಟು ನಾಟಕ ಇಲ್ಲ. ನೆಲದ ಮೇಲೆ ಉದ್ದಕ್ಕೆ ಮಲಗಿ, ಬಾಲಗಳನ್ನು ಸೇರಿಸಿಕೊಂಡು ಸುಮ್ನೆ ಇರುತ್ತವೆ. ಅದನ್ನು ಯಾರೂ ವೀಡಿಯೊ ಮಾಡುವುದಿಲ್ಲ. ಜಗಳಕ್ಕೆ ಮಾತ್ರ ಜನ ಸೇರುತ್ತಾರೆ, ಮೇಲೆ ಬೈರಾಸು (ಟವೆಲು) ಎಸೆದು ಅದೃಷ್ಟ ಅಂತ ಕಪಾಟಿನಲ್ಲಿ ಇಟ್ಟುಕೊಳ್ಳುತ್ತಾರೆ.

ಈಗ ಸಂಬಂಧದ ಮಾತು. ನಾಗರಹಾವು, ಕಟ್ಟುಹಾವು, ಕಾಳಿಂಗ, ಸಮುದ್ರದ ಹಾವುಗಳು ಒಂದು ಕುಟುಂಬ. ಅವಕ್ಕೆ ಬಾಯಿಯ ಮುಂಭಾಗದಲ್ಲಿ ವಿಷದ ಹಲ್ಲು ಇರುತ್ತದೆ. ಕೇರೆ ಬೇರೆ ಕುಟುಂಬದ್ದು, ವಿಷವೇ ಇಲ್ಲ. ಎಮ್ಮೆಗೂ ಕುದುರೆಗೂ ಮದುವೆ ಮಾಡಿಸಿದ ಹಾಗಾಯಿತು ನಿಮ್ಮ ಅಜ್ಜನ ಲೆಕ್ಕ.

ಇನ್ನೂ ಸುಲಭದ ಒಂದು ಲೆಕ್ಕ ಇದೆ. ಸರ್ಪ ಇಟ್ಟ ಮೊಟ್ಟೆಗಳಿಂದ ಹೊರಬರುವ ಮರಿಗಳೆಲ್ಲ ಹುಟ್ಟಿದ ದಿನವೇ ಹೆಡೆ ಎತ್ತುತ್ತವೆ, ಎಲ್ಲಕ್ಕೂ ವಿಷ ಇರುತ್ತದೆ. ಅದರಲ್ಲಿ ಗಂಡೂ ಇವೆ, ಹೆಣ್ಣೂ ಇವೆ. ಕೇರೆಯೂ ಮೊಟ್ಟೆ ಇಡುತ್ತದೆ, ಅದರಿಂದ ಕೇರೆ ಮರಿಗಳೇ ಬರುತ್ತವೆ. ಕೇರೆ ಎಲ್ಲ ಗಂಡಾದರೆ ಆ ಮೊಟ್ಟೆ ಇಟ್ಟವರು ಯಾರು? ಕ್ಲಾಸಿನಲ್ಲಿ ಇದನ್ನು ಕೇಳಿದರೆ ಹಿಂದಿನ ಬೆಂಚೂ ಸುಮ್ಮನಾಗುತ್ತಿತ್ತು.

ಹಾಗಾದರೆ ಈ ಕಥೆ ಎಲ್ಲಿಂದ ಬಂತು? ಎರಡೂ ಇಲಿ, ಕಪ್ಪೆ ಹುಡುಕಿಕೊಂಡು ಒಂದೇ ಗದ್ದೆಗೆ, ಒಂದೇ ಬೈಹುಲ್ಲಿನ ರಾಶಿಗೆ ಬರುತ್ತವೆ. ಬಣ್ಣವೂ ಹೆಚ್ಚು ಕಡಿಮೆ ಒಂದೇ. ಹೆದರಿದ ಕೇರೆ ಕುತ್ತಿಗೆ ಉಬ್ಬಿಸಿ ಗುರ್ ಅನ್ನುತ್ತದೆ, ದೂರದಿಂದ ನೋಡಿದವರಿಗೆ ಹೆಡೆಯ ಹಾಗೆ ಕಾಣುತ್ತದೆ. ಇಷ್ಟು ಸಾಕು ಒಂದು ಸಂಸಾರ ಕಟ್ಟಲಿಕ್ಕೆ. ನಿಜ ಹೇಳಬೇಕೆಂದರೆ, ಸರ್ಪ ಸಿಕ್ಕಿದರೆ ಕೇರೆಯನ್ನು ತಿನ್ನುವುದೂ ಉಂಟು. ಕಾಳಿಂಗಕ್ಕಂತೂ ಕೇರೆ ಇಷ್ಟದ ಊಟ. ಅಂದ ಹಾಗೆ, ನಮ್ಮ ಪಶ್ಚಿಮ ಘಟ್ಟದ ಕಾಳಿಂಗಕ್ಕೆ 2024ರಲ್ಲಿ ಪ್ರತ್ಯೇಕ ಪ್ರಭೇದ ಎಂಬ ಸ್ಥಾನ ಸಿಕ್ಕಿತು. ವೈಜ್ಞಾನಿಕ ಹೆಸರು ಓಫಿಯೋಫೇಗಸ್ ಕಾಳಿಂಗ. ಗ್ರೀಕ್ ಮೂಲದ ಹೆಸರಿನ ಪಕ್ಕದಲ್ಲಿ ನಮ್ಮ ಕನ್ನಡದ ಕಾಳಿಂಗ ಹೋಗಿ ಕೂತಿದ್ದಾನೆ. ಇದನ್ನು ಎಷ್ಟು ಸಲ ಹೇಳಿದರೂ ನನಗೆ ಬೇಜಾರಿಲ್ಲ.

ವಿಜ್ಞಾನ ಬೇಡ ಅನ್ನುವವರು ಹತ್ತಿರದ ನಾಗಬನಕ್ಕೆ ಹೋಗಿ ನೋಡಿ. ಎರಡು ಹಾವು ಹೆಣೆದ ಕಲ್ಲು ಇರುತ್ತದೆ ಅಲ್ವಾ? ಎರಡಕ್ಕೂ ಹೆಡೆ ಇದೆ. ಕಲ್ಲು ಕೆತ್ತಿದವನಿಗೆ ಗೊತ್ತಿತ್ತು, ನಮಗೆ ಗೊತ್ತಿಲ್ಲ. ಇನ್ನೊಂದು ಮಾತು. ಸತ್ತ ಸರ್ಪ ಕಂಡರೆ ಭಟ್ರನ್ನು ಕರೆಸಿ ಸಂಸ್ಕಾರ ಮಾಡಿಸುತ್ತೇವೆ. ಹಟ್ಟಿಗೆ ಬಂದ ಕೇರೆಯನ್ನು ದೊಣ್ಣೆಯಲ್ಲಿ ಹೊಡೆದು ಬೇಲಿಯಾಚೆ ಎಸೆಯುತ್ತೇವೆ. ನಾಗನ ಗಂಡ ಅಂತ ನಿಜವಾಗಿ ನಂಬಿದವರು ಅಳಿಯನಿಗೆ ಇಂಥ ಮರ್ಯಾದೆ ಮಾಡುತ್ತಿದ್ದರಾ? ಹೊಡೆಯಬೇಡಿ. ಅಡಿಕೆ ತೋಟದಲ್ಲಿ ಸಂಬಳ ಕೇಳದೆ ಇಲಿ ಹಿಡಿಯುವ ಕೆಲಸದವನು ಅವನು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಕೊಲ್ಲುವುದು ಅಪರಾಧವೂ ಹೌದು. ಮನೆಯೊಳಗೆ ಹಾವು ಬಂದರೆ ಕೇರಳ ಅರಣ್ಯ ಇಲಾಖೆಯ 'ಸರ್ಪ' ಆ್ಯಪ್ ಇದೆ, ತರಬೇತಿ ಪಡೆದವರು ಬರುತ್ತಾರೆ.

ಇಷ್ಟು ಬರೆದ ಮೇಲೆ, ಯಾರೂ ಕೇಳದ ಒಂದು ವಿಷಯವನ್ನೂ ಹೇಳಿಬಿಡುತ್ತೇನೆ. ಹಾವು ಕಚ್ಚಿದಾಗ ಅದನ್ನು ಹೊಡೆದು ಆಸ್ಪತ್ರೆಗೆ ಹೊತ್ತುಕೊಂಡು ಹೋಗುವ ಚಾಳಿ. ಅದು ಬೇಕಾಗಿಲ್ಲ. ಹಾವಿನ ವಿಷ ಇಳಿಸಲು ನಮ್ಮ ದೇಶದಲ್ಲಿ ಕೊಡುವ ಮದ್ದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೂ ಒಂದೇ. ಡಾಕ್ಟರು ಲಕ್ಷಣ ನೋಡಿಯೇ ಕೊಡುತ್ತಾರೆ. ಮಂಡಲದ ಅನುಮಾನ ಇದ್ದರೆ ಸ್ವಲ್ಪ ರಕ್ತವನ್ನು ಗಾಜಿನ ಕೊಳವೆಯಲ್ಲಿ 20 ನಿಮಿಷ ಅಲುಗಾಡಿಸದೆ ಇಡುತ್ತಾರೆ. ಹೆಪ್ಪುಗಟ್ಟದಿದ್ದರೆ ವಿಷ ಏರಿದೆ ಅಂತ ಅರ್ಥ. ತೋಟದ ತರಗೆಲೆಯಲ್ಲಿರುವ, ಮೂಗಿನ ತುದಿ ಮೇಲಕ್ಕೆದ್ದ ಸಣ್ಣ ಗುಳಿಮಂಡಲಕ್ಕೆ ಈ ಮದ್ದು ನಾಟುವುದಿಲ್ಲ. ಹಾಗಾಗಿ ದೂರದಿಂದ ಮೊಬೈಲಿನಲ್ಲಿ ಒಂದು ಫೋಟೋ ಸಿಕ್ಕಿದರೆ ಒಳ್ಳೆಯದು, ಸಿಗದಿದ್ದರೆ ಹುಡುಕುತ್ತಾ ನಿಲ್ಲಬೇಡಿ. ಬಿಗಿಯಾಗಿ ಕಟ್ಟಬೇಡಿ, ಕೊಯ್ಯಬೇಡಿ. ಕಚ್ಚಿದ ಕೈಕಾಲು ಅಲುಗಾಡದ ಹಾಗೆ ಇಟ್ಟು ಹೊರಡಿ. ಎಲ್ಲದಕ್ಕೂ ಮಂಗಳೂರಿಗೇ ಓಡುವ ನಮ್ಮ ಅಭ್ಯಾಸ ಇಲ್ಲಿ ಬೇಡ. ಮದ್ದು ಇರುವ ಹತ್ತಿರದ ಆಸ್ಪತ್ರೆ ಯಾವುದು ಅಂತ ಇವತ್ತೇ ವಿಚಾರಿಸಿಟ್ಟುಕೊಳ್ಳಿ.

ಒಮ್ಮೆ ನೆರೆಮನೆಯವರ ಜೊತೆ ನಾನೂ ಜೀಪಿನಲ್ಲಿ ಹೋಗಿದ್ದೆ. "ಸರ್ಪವೇ ಕಚ್ಚಿದ್ದು, ಹೊಡೆದು ತಂದಿದ್ದೇವೆ" ಅಂತ ಅವರ ತಮ್ಮ ಗೋಣಿಚೀಲವನ್ನು ಡಾಕ್ಟರ ಮೇಜಿನ ಪಕ್ಕ ಬಿಚ್ಚಿದ. ಹಾವು ಸತ್ತಿರಲಿಲ್ಲ. ನರ್ಸ್ ಕುರ್ಚಿ ಹತ್ತಿದರು, ಕಚ್ಚಿಸಿಕೊಂಡವರು ಎಲ್ಲರಿಗಿಂತ ಮೊದಲು ಬಾಗಿಲಾಚೆ ಓಡಿದರು. ಅದು ಕೇರೆಯಾಗಿತ್ತು.